ಬಾಗಿಲು ತೆರೆದ ಮೇಲೆ

ಆರನ್ ಸ್ವಾರ್ಟ್ಜ್ 2008ರಲ್ಲಿ ಬರೆದ ‘ಗೆರಿಲ್ಲಾ ಓಪನ್ ಆಕ್ಸೆಸ್ ಮ್ಯಾನಿಫೆಸ್ಟೊ’ ಒಂದೆರಡು ಪುಟದ ಬರಹ. ಪ್ರಕಾಶನ ಕಂಪನಿಗಳು ಬೀಗ ಹಾಕಿಟ್ಟ ಸಂಶೋಧನಾ ಲೇಖನಗಳನ್ನು ಹೊರತಂದು ಹಂಚಿ ಎಂಬುದು ಅದರ ಕರೆ. ಜೆಸ್ಟೋರ್‌ನಿಂದ ಲಕ್ಷಾಂತರ ಲೇಖನ ಇಳಿಸಿಕೊಂಡ ಮೊಕದ್ದಮೆ ನಡೆಯುತ್ತಿರುವಾಗಲೇ, 2013ರ ಜನವರಿಯಲ್ಲಿ, ಆತ ಜೀವ ಕಳೆದುಕೊಂಡ. ಆಗ ಅವನಿಗೆ 26. ನನಗೀಗ 28. ಇದನ್ನು ನಿರ್ಲಿಪ್ತವಾಗಿ ಓದುವುದು ನನ್ನಿಂದಾಗದು.

ಬರಹದ ಬಲವಿರುವುದು ಅದು ಯಾರನ್ನು ಕರೆಯುತ್ತದೆ ಎಂಬುದರಲ್ಲಿ. ಕಂಪನಿಗಳನ್ನು ಬೈದು ಸುಮ್ಮನಾಗುವುದಿಲ್ಲ. ಲಾಗಿನ್ ಇರುವ ವಿದ್ಯಾರ್ಥಿ, ಗ್ರಂಥಪಾಲಕ, ವಿಜ್ಞಾನಿಗಳತ್ತ ತಿರುಗಿ, ಸಿಕ್ಕಿದ್ದನ್ನು ನೀವೇ ಇಟ್ಟುಕೊಳ್ಳಬೇಡಿ ಎನ್ನುತ್ತದೆ. ಅಂದರೆ ನನಗೇ.

ಆದರೆ ಒಂದು ಕಡೆ ಅದು ಕೈಬಿಡುತ್ತದೆ. ಕಳೆದ ಮಳೆಗಾಲ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಅಪ್ಪನಿಗೆಂದು ಒಂದು ಲೇಖನ ಹುಡುಕಿದೆ. ಎಲ್ಲರಿಗೂ ಮುಕ್ತವಾಗಿದ್ದ ಲೇಖನವೇ. ಅಪ್ಪ ಮೊಬೈಲನ್ನು ದೂರ ಹಿಡಿದು ನೋಡಿ, “ಇದ್ರಲ್ಲಿ ಏನು ಹೊಡೀಬೇಕು ಅಂತ ಎಲ್ಲಿದೆ ಮಾರಾಯ್ತಿ?” ಎಂದರು. ಅದನ್ನು ಕನ್ನಡದಲ್ಲಿ ಅವರಿಗೆ ತಿಳಿಯುವಂತೆ ಬರೆಯಲು ಎರಡು ರಾತ್ರಿ ಹಿಡಿಯಿತು. ಓದಿದ ಮೇಲೆ ಅವರು ಕೇಳಿದ ಮೂರು ಪ್ರಶ್ನೆಗಳಿಗೆ ಆ ಲೇಖನದಲ್ಲಿ ಉತ್ತರವಿರಲಿಲ್ಲ. (ಪ್ರಬಂಧದ ವಿಮರ್ಶಕರು ಇಷ್ಟು ಚುರುಕಾಗಿ ಕೇಳುವುದಿಲ್ಲ.)

ಕೇಂದ್ರದ ‘ಒಂದು ದೇಶ, ಒಂದು ಚಂದಾ’ ಯೋಜನೆ 6,000 ಕೋಟಿ ರೂಪಾಯಿ ತೆತ್ತು, 2025ರಿಂದ ಮೂರು ವರ್ಷಕ್ಕೆ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆಯುತ್ತದೆ. ಅಪ್ಪ ಯಾವ ಸಂಸ್ಥೆಯಲ್ಲೂ ಇಲ್ಲ. ಸ್ವಾರ್ಟ್ಜ್‌ನ ಸಿಟ್ಟು ಇನ್ನೂ ಹಳತಾಗಿಲ್ಲ. ಬಿಡಿಸಿ ಹೇಳುವ ದುಡಿಮೆಯ ಬಗ್ಗೆ ಮಾತ್ರ ಅವನ ಬರಹದಲ್ಲಿ ಮಾತಿಲ್ಲ. ನನ್ನ ಆರು ತಿಂಗಳ ಪ್ರಗತಿ ವರದಿಯಲ್ಲೂ ಆ ಎರಡು ರಾತ್ರಿಗಳನ್ನು ಬರೆಯಲು ಜಾಗವಿರಲಿಲ್ಲ.