ಮಾತು ಕೊಟ್ಟ ಖಳ: ಉಡುತಡಿಯ ಕೌಶಿಕ ಮತ್ತು ಷರತ್ತಿನ ವ್ಯಾಕರಣ

ಅಕ್ಕಮಹಾದೇವಿಯ ಚರಿತೆಯನ್ನು ಕುರಿತ ವಿಮರ್ಶೆಯಲ್ಲಿ ಉಡುತಡಿಯ ಅರಸ ಕೌಶಿಕನಿಗೆ ದೊರೆತಿರುವ ಸ್ಥಾನ ಕಿರಿದು. ಭವಿ, ಕಾಮುಕ ಎಂಬ ಎರಡು ವಿಶೇಷಣಗಳಲ್ಲಿ ಅವನ ಕಥೆ ಮುಗಿದುಹೋಗುತ್ತದೆ. ಮದುವೆ ನಡೆಯಿತೇ ಇಲ್ಲವೇ ಎಂಬ ಚರ್ಚೆಯಲ್ಲಿಯೂ ಅವನು ಕೇವಲ ನಿಮಿತ್ತ. ಹರಿಹರನ 'ಮಹಾದೇವಿಯಕ್ಕನ ರಗಳೆ'ಯ ಕೌಶಿಕನು ಇಷ್ಟು ಸರಳನಲ್ಲವೆಂಬುದು ನಮ್ಮ ವಾದ. ಅವನನ್ನು ಮರೆಯಲಾಗದ ಖಳನನ್ನಾಗಿಸುವುದು ಅವನ ಕಾಮಕ್ಕಿಂತ ಹೆಚ್ಚಾಗಿ ಅವನು ಕೊಟ್ಟ ಮಾತು.

ಬೆದರಿಕೆ ಮೊದಲು ತಟ್ಟುವುದು ತಂದೆತಾಯಿಗಳಿಗೆ. ಮಹಾದೇವಿಯು ಅದಕ್ಕೆ ಷರತ್ತುಗಳ ಮೂಲಕ ಉತ್ತರಿಸುತ್ತಾಳೆ: ಲಿಂಗಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆ ಇವು ತನ್ನ ಇಚ್ಛೆಯಂತೆ ನಡೆಯಬೇಕು, ಮೂರು ತಪ್ಪುಗಳವರೆಗೆ ಸೈರಣೆ, ಆಮೇಲೆ ಬಿಡುಗಡೆ. ಅರಸನು ಒಪ್ಪುತ್ತಾನೆ. ಜೆ. ಎಲ್. ಆಸ್ಟಿನ್ 1962ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ವಿವರಿಸಿದಂತೆ, ಮಾತು ಕೊಡುವುದು ಒಂದು ಕ್ರಿಯೆ. ಮನಸ್ಸಿನಲ್ಲಿ ಪ್ರಾಮಾಣಿಕತೆ ಇಲ್ಲದಿದ್ದರೂ ಕೊಟ್ಟ ಮಾತು ಮಾತೇ. ಆದುದರಿಂದ ಕೌಶಿಕನ ಒಳಗನ್ನು ಬಗೆದು ನೋಡಬೇಕಾದ ಅಗತ್ಯ ಓದುಗನಿಗಿಲ್ಲ. ಅಳತೆಗೋಲು ಅವನ ಬಾಯಿಂದಲೇ ಬಂದಿದೆ.

ಕನ್ನಡದ ಷರತ್ತುರೂಪವನ್ನು ಇಲ್ಲಿ ಗಮನಿಸಬೇಕು. 'ತಪ್ಪಿದೊಡೆ', 'ತಪ್ಪಿದಡೆ', ಇಂದಿನ 'ತಪ್ಪಿದರೆ' ಈ ಮೂರೂ 'ತಪ್ಪಿದ' ಎಂಬ ಭೂತಕೃದಂತದ ಮೇಲೆ ನಿಂತಿವೆ. ಇನ್ನೂ ನಡೆಯದ ತಪ್ಪನ್ನು ಭಾಷೆಯು ನಡೆದುಹೋದ ರೂಪದಲ್ಲಿ ಹಿಡಿದಿಡುತ್ತದೆ. ಈ ರೂಪ ಕನ್ನಡದ ಎಲ್ಲ ಷರತ್ತುಗಳಿಗೂ ಸಾಮಾನ್ಯವಾದುದರಿಂದ ಇದನ್ನೇ ಕವಿಯ ಆಶಯಕ್ಕೆ ಸಾಕ್ಷ್ಯವೆಂದು ನಾವು ಹೇಳುವುದಿಲ್ಲ. ಹರಿಹರನ ಕಥನಕ್ರಮ ಮಾತ್ರ ಈ ರೂಪದ ತರ್ಕವನ್ನೇ ಅನುಸರಿಸುತ್ತದೆ. ತಪ್ಪು ಆಗಿಯೇ ತೀರುತ್ತದೆಂದು ಓದುಗನಿಗೆ ಗೊತ್ತು. ಎಣಿಕೆ ಯಾವಾಗ ಮೂರಕ್ಕೆ ಮುಟ್ಟುವುದೆಂಬುದೇ ಕುತೂಹಲ. ಆ ತಪ್ಪುಗಳು ಸಹ ಕ್ರೌರ್ಯದಿಂದ ಹುಟ್ಟಿದವಲ್ಲ, ತಾಳಲಾರದ ಆಸೆಯಿಂದ ಹುಟ್ಟಿದವು. ಓದುಗನಿಗೆ ಅವನು ಹತ್ತಿರದವನಾಗುವುದು ಈ ಕಾರಣದಿಂದ.

ನಾಗಚಂದ್ರನ ರಾವಣನೊಡನೆ ಹೋಲಿಸಿದರೆ ಈ ಅಂಶ ಸ್ಪಷ್ಟವಾಗುತ್ತದೆ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಆ ರಾವಣನದು. ಅದು ಅವನು ತನ್ನ ಧರ್ಮಕ್ಕೆ ಕೊಟ್ಟ ಮಾತು; ಸೀತೆ ಅದರಲ್ಲಿ ಪಾಲುದಾರಳಲ್ಲ. ಕೌಶಿಕನು ಮಾತು ಕೊಟ್ಟದ್ದು ತಾನು ಬಯಸಿದ ಹೆಣ್ಣಿಗೇ. ಅದನ್ನು ಎಣಿಸುವ ಅಧಿಕಾರವೂ ಅವಳದೇ. ರಾವಣನನ್ನು ಅವನ ಪಶ್ಚಾತ್ತಾಪ ಎತ್ತರಿಸಿದರೆ, ಕೌಶಿಕನನ್ನು ಅವಳ ಲೆಕ್ಕ ಬಯಲು ಮಾಡುತ್ತದೆ.

ಬೆದರಿಕೆಯ ನೆರಳಿನಲ್ಲಿ ಆದ ಒಪ್ಪಂದವನ್ನು ಒಪ್ಪಂದವೆನ್ನಬಹುದೇ ಎಂಬ ಆಕ್ಷೇಪ ಗಟ್ಟಿಯಾದುದು. ಮಹಾದೇವಿಯ ಒಪ್ಪಿಗೆ ಸ್ವತಂತ್ರವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಒತ್ತಾಯಕ್ಕೆ ಒಳಗಾದವಳು ಅವಳು, ಅವನಲ್ಲ. ಆದಕಾರಣ ಆ ಮಾತು ಅವಳನ್ನು ಕಟ್ಟಲಾರದು, ಅವನನ್ನು ಕಟ್ಟುತ್ತದೆ. ಬಲವಂತನನ್ನು ಅವನದೇ ನುಡಿಯಲ್ಲಿ ಸಿಲುಕಿಸುವ ಈ ಅಸಮತೆಯೇ ಪ್ರಸಂಗದ ತಿರುಳು.

ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮಹಾದೇವಿಯು ಪಾರ್ವತಿಯ ಸಾತ್ತ್ವಿಕ ಕಳೆ, ಮದುವೆ ನಡೆಯುವುದಿಲ್ಲ. ಅಕ್ಕನ ಪಾವಿತ್ರ್ಯವನ್ನು ಕಾಯುವ ಈ ಮಾರ್ಪಾಡಿಗೆ ಬೆಲೆಯೂ ಇದೆ. ಅವಳು ಗೆಲ್ಲುವಳೆಂಬುದು ಕೈಲಾಸದಲ್ಲೇ ನಿಶ್ಚಿತವಾದ ಮೇಲೆ ಅರಸನು ಬರಿಯ ಅಡ್ಡಿಯಾಗುತ್ತಾನೆ. ಹರಿಹರನ ಮಹಾದೇವಿಯಾದರೋ ಅರಮನೆಯೊಳಗೆ ಬದುಕಿ, ತಪ್ಪುಗಳನ್ನು ಸಹಿಸಿ, ಎಣಿಸಿ, ಹೊರನಡೆಯುತ್ತಾಳೆ. ಖಳನನ್ನು ಕುಗ್ಗಿಸಿದಾಗ ಕುಗ್ಗುವುದು ಅವನೊಬ್ಬನೇ ಅಲ್ಲ. ಅವಳ ನಿರ್ಧಾರದ ತೂಕವೂ ಇಳಿಯುತ್ತದೆ. ಮದುವೆಯ ಚರ್ಚೆಯನ್ನು ಮುಂದುವರಿಸುವವರು ಪಾವಿತ್ರ್ಯದ ಪ್ರಶ್ನೆಯನ್ನು ಬದಿಗಿರಿಸಿ, ಉಡುತಡಿಯಲ್ಲಿ ಯಾರು ಯಾರಿಗೆ ಏನೆಂದು ಮಾತು ಕೊಟ್ಟರೆಂಬಲ್ಲಿಂದ ತೊಡಗುವುದು ಲೇಸು.