ಖಾಂಡವದಹನದಲ್ಲಿ ಕಾರಣವಿಚಾರ

ಶ್ವೇತಕಿರಾಜನ ಸತ್ರದಲ್ಲಿ ಅತಿಯಾಗಿ ಘೃತವನ್ನುಂಡ ಅಗ್ನಿಯ ಅಜೀರ್ಣವೇ ಖಾಂಡವದಹನಕ್ಕೆ ಕಾರಣವೆಂದು ಆದಿಪರ್ವದ ಕಥೆಯು ಹೇಳುತ್ತದೆ. ಕಾವ್ಯದಲ್ಲಿಯೇ ವರ್ಣಿತವಾದ ನಾಶದ ಸ್ವರೂಪಕ್ಕೆ ಈ ಕಾರಣವು ಹೊಂದುವುದೇ ಎಂಬುದು ವಿಚಾರಾರ್ಹವಾಗಿದೆ.

ಶಿಕಾರಿಪುರ ಸೊರಬಗಳ ಎಲೆಯುದುರುವ ಕಾಡುಗಳಲ್ಲಿ ಬೇಸಗೆಯ ಕಿಚ್ಚು ಸಾಮಾನ್ಯವಾಗಿ ನೆಲದ ತರಗೆಲೆಯನ್ನೂ ಒಣಹುಲ್ಲನ್ನೂ ಸುಡುತ್ತ ಸಾಗುವುದು. ಹೆಮ್ಮರಗಳ ಬುಡವು ಕಪ್ಪಾದರೂ ತಲೆಯುಳಿಯುವುದು. ಓಡಬಲ್ಲ ಮೃಗಗಳೂ ಹಾರಬಲ್ಲ ಪಕ್ಷಿಗಳೂ ಬಹುಮಟ್ಟಿಗೆ ತಪ್ಪಿಸಿಕೊಳ್ಳುವುವು. ಖಾಂಡವದಲ್ಲಾದರೋ ಉಳಿದುವೆಂದು ಕವಿಯು ಎಣಿಸುವುದು ಆರೇ ಜೀವಗಳನ್ನು: ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕಪಕ್ಷಿಗಳು. ಇದೇಕೆ? ಕೃಷ್ಣಾರ್ಜುನರು ವನದ ಎರಡು ಪಾರ್ಶ್ವಗಳಲ್ಲಿ ರಥಗಳಲ್ಲಿ ನಿಂತು, ಹೊರಬೀಳುವ ಪ್ರಾಣಿಗಳನ್ನು ಕೊಂದರು. ಮೇಲಕ್ಕೆ ಹಾರಿದ ಹಕ್ಕಿಗಳೂ ಬಾಣಕ್ಕೆ ಸಿಕ್ಕಿ ಉರಿಯಲ್ಲಿ ಬಿದ್ದುವು. ಇಂದ್ರನ ಮಳೆಯನ್ನು ತಡೆದುದೂ ಅರ್ಜುನನ ಬಾಣಗಳೇ.

ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದು ತಾರ್ಕಿಕರ ಪ್ರಸಿದ್ಧ ದೃಷ್ಟಾಂತ. ಇಲ್ಲಿ ಬೂದಿಯಿಂದ ಮನುಷ್ಯನ ಕೈಯನ್ನು ಅನುಮಾನಿಸಬೇಕಾಗಿದೆ. ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ (1967) ಇದನ್ನು ಭೂಮಿಗಾಗಿ ನಡೆದ ಸಂಹಾರವೆಂದೇ ಗ್ರಹಿಸಿದ್ದಾರೆ. ಅಗ್ನಿಯ ರೋಗವು ಕಥೆಗೆ ನೆಪವಾದೀತು; ನಾಶಕ್ಕೆ ಹೇತುವಾಗದು. ವ್ಯಾಸರು ನೆಪವನ್ನು ಹೇಳಿದರೂ ಸಾಕ್ಷ್ಯವನ್ನು ಮರೆಸಲಿಲ್ಲ. ಆದುದರಿಂದ ಪಾಠ ಹೇಳುವವರು ಅಗ್ನಿಯ ತೃಪ್ತಿಯಲ್ಲಿಯೇ ನಿಲ್ಲದೆ, ರೆಕ್ಕೆ ಬಲಿಯದ ಮರಿಗಳೆದುರು ಅತ್ತ ಜರಿತೆಯ ಮಾತನ್ನೂ ವಿದ್ಯಾರ್ಥಿಗಳಿಗೆ ಕೇಳಿಸತಕ್ಕದ್ದು.