ಗಾಳಿಯನ್ನು ಹೊತ್ತ ಲೋಹ

ಶಿರಾ ಸೀಮೆಯ ಪಟ್ಟನಾಯಕನಹಳ್ಳಿ ಮಳೆಯ ದಾರಿಯನ್ನೇ ಕಾಯುವ ಬಯಲುನಾಡಿನ ಊರು. ಕಡಲಲ್ಲಿ ಮುಳುಗುವವರ ಅಲ್ಯೂಮಿನಿಯಂ ಸಿಲಿಂಡರಿಗೂ ಅದಕ್ಕೂ ಏನು ಸಂಬಂಧವೆಂದು ಯಾರಾದರೂ ನಕ್ಕರೆ ತಪ್ಪಲ್ಲ. ಆದರೂ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯುವವರ ಬೆನ್ನ ಮೇಲೆ ಕಾಣುವ ಈ ಪಾತ್ರೆಯು, ಒಂದೇ ಲೋಹದ ಗಟ್ಟಿಯಿಂದ ಬೆಸುಗೆಯ ಲೇಶವೂ ಇಲ್ಲದೆ ರೂಪುಗೊಂಡು, ಸುಮಾರು 11 ಲೀಟರಿನಷ್ಟೇ ಒಡಲಿನಲ್ಲಿ 200 ವಾಯುಭಾರಗಳ ಒತ್ತಡವನ್ನು ಧರಿಸಿರುವ ಪರಿ, ಕುಶಲಕರ್ಮದ ಅಭಿಮಾನಿಗಳಿಗೆ ವಿಸ್ಮಯವನ್ನುಂಟುಮಾಡದೆ ಇರದು.

ಮುಪ್ಪು ಇದಕ್ಕೂ ಉಂಟು. 1980ರ ದಶಕದ ಕೊನೆಯವರೆಗೆ ಹಲವು ಸಿಲಿಂಡರುಗಳಿಗೆ ಬಳಕೆಯಾದ 6351 ಎಂಬ ಮಿಶ್ರಲೋಹ, ನಿರಂತರ ಒತ್ತಡದಿಂದ ಕೊರಳಿನ ತಿರುಪಿನ ಬಳಿ ಸೂಕ್ಷ್ಮವಾಗಿ ಬಿರಿಯುವ ದೋಷವುಳ್ಳದ್ದು; ತರುವಾಯ 6061 ಅದರ ಸ್ಥಾನವನ್ನು ಪಡೆಯಿತು. ಸುರಕ್ಷತಾ ಪರೀಕ್ಷೆಯಲ್ಲಿ ಸೋತ ಸಿಲಿಂಡರನ್ನು ಮತ್ತೆ ತುಂಬಿಸುವುದು ಸಾಹಸವಲ್ಲ, ಅವಿವೇಕ. ಗುಜರಿಗೆ ಹಾಕಬಹುದು, ಸುಮಾರು 14 ಕಿಲೋ ಲೋಹಕ್ಕೆ ಬೆಲೆ ಬಾರದಿರದು. ನನ್ನ ಮತ ಬೇರೆ. ಗಾಳಿಯನ್ನೆಲ್ಲ ಹೊರಬಿಟ್ಟು, ಕವಾಟವನ್ನು ಕಳಚಿ, ತಳವನ್ನು ಕೊಯ್ದು ತೂಗುಹಾಕಿದರೆ, ಆ ದಪ್ಪಗೋಡೆಯ ಪಾತ್ರೆಯೇ ದೀರ್ಘವಾಗಿ ಅನುರಣಿಸುವ ಗಂಟೆಯಾಗುತ್ತದೆ; ಪಟ್ಟನಾಯಕನಹಳ್ಳಿಯ ಶಾಲೆಯೊಂದರ ಜಗಲಿಯಲ್ಲಿ ತುಂಡು ರೈಲುಕಂಬಿಗಿಂತ ಅದು ಎಷ್ಟೋ ಚೆನ್ನ. ಬಾರಿಸಲು ಮಾತ್ರ ಮರದ ಕೊಡತಿಯೇ ಲೇಸು. ಕಬ್ಬಿಣದ ಸುತ್ತಿಗೆ ಮೃದುಲೋಹದ ಮೈಯನ್ನು ತಗ್ಗುಬೀಳಿಸೀತು.